ಅರ್ಧ ಜೋಡಿ ಎತ್ತು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಅರ್ಧ ಜೋಡಿ ಎತ್ತು ಇತ್ತು. ನಗಬೇಡಿ, ಅಪ್ಪ ಹೇಳುತ್ತಿದ್ದದ್ದೇ ಹಾಗೆ. ಒಂದೇ ಎತ್ತು ಎಂದು ಬಾಯಿಬಿಟ್ಟು ಹೇಳಲು ಅವನಿಗೆ ನಾಚಿಕೆ. ಯಾರಾದರೂ ಕೇಳಿದರೆ "ಅರ್ಧ ಜೋಡಿ ಐತ್ರಿ" ಎಂದು ಮೀಸೆ ಒರೆಸಿಕೊಳ್ಳುತ್ತಿದ್ದ. ಆದರೆ ಉಳುವುದಿರಲಿ, ಬಿತ್ತುವುದಿರಲಿ, ನೊಗಕ್ಕೆ ಎರಡು ಹೆಗಲು ಬೇಕೇ ಬೇಕು. ಆದ್ದರಿಂದ ನಮ್ಮೂರು ಕಲ್ಲೋಳಿಯಲ್ಲಿ ನಮ್ಮಂಥ ಒಂಟಿ ಎತ್ತಿನವರು ಇನ್ನೊಬ್ಬ ಒಂಟಿ ಎತ್ತಿನವರನ್ನು ಹುಡುಕಿ ಎತ್ತು ಕೂಡಿಸುತ್ತಿದ್ದರು. ಒಂದು ದಿನ ಆ ಜೋಡಿ ಅವರ ಹೊಲದಲ್ಲಿ ದುಡಿದರೆ ಮರುದಿನ ನಮ್ಮ ಹೊಲದಲ್ಲಿ. ಅದಕ್ಕೆ ಕಾಗದವಿಲ್ಲ, ಸಾಕ್ಷಿಯಿಲ್ಲ. ಎರಡೂ ಮನೆಯವರು ಎರಡೂ ಎತ್ತುಗಳಿಗೆ ಒಂದೊಂದು ಉಂಡೆ ಬೆಲ್ಲ ತಿನ್ನಿಸಿದರೆ ಮಾತು ಮುಗಿಯಿತು.

ನಮ್ಮ ಎತ್ತಿನ ಹೆಸರು ಬೆಳ್ಯಾ. ಅದಕ್ಕೆ ಕೂಡಿದ್ದು ಬಾಜೂ ಓಣಿಯ ಕಾಕಾನ ಎತ್ತು, ಸಾರಂಗ. ಕಾಕಾ ನಮಗೆ ಸಂಬಂಧಿಕನೇನಲ್ಲ. ಅವರು ಬಸದಿಗೆ ನಡೆದುಕೊಳ್ಳುವ ಮನೆಯವರು, ಹೊತ್ತು ಮುಳುಗುವ ಮುಂಚೆ ಉಂಡು ಕೈ ತೊಳೆಯುವವರು. ಕಾಕಾನಿಗೆ ನನ್ನ ವಯಸ್ಸಿನ ಮಗನಿದ್ದ. ನಾನು ಅವನನ್ನು ದೋಸ್ತ ಎನ್ನುತ್ತಿದ್ದೆ. ಅವನು ನನ್ನನ್ನು ಬರೀ "ಲೇ" ಎನ್ನುತ್ತಿದ್ದ. ನಮ್ಮ ಓಣಿಯಲ್ಲಿ ಲೇ ಎಂದರೆ ಅರ್ಧ ಓಣಿ ತಿರುಗಿ ನೋಡಬೇಕು. ಆದರೆ ಅವನ ಲೇ ಬೇರೆ. ಅದಕ್ಕೆ ನಾನೊಬ್ಬನೇ ತಿರುಗುತ್ತಿದ್ದೆ.

ಎತ್ತುಗಳಿಗೂ ತಮ್ಮ ತಮ್ಮ ಜಾಗ ಇರುತ್ತದೆ ಎನ್ನುವುದು ನಿಮಗೆ ಗೊತ್ತಿರಲಿಕ್ಕಿಲ್ಲ. ನೊಗದ ಎಡಕ್ಕೆ ಪಳಗಿದ್ದು ಎಡಗೋಲಿನ ಎತ್ತು, ಬಲಕ್ಕೆ ಪಳಗಿದ್ದು ಬಲಗೋಲಿನ ಎತ್ತು. ಎಡಗೋಲಿನದನ್ನು ತಂದು ಬಲಕ್ಕೆ ಕಟ್ಟಿದರೆ ಅದು ಮುಖ ತಿರುಗಿಸಿ ನಿಲ್ಲುತ್ತದೆ, ಮದುವೆ ಪಂಕ್ತಿಯಲ್ಲಿ ಜಾಗ ತಪ್ಪಿದ ಬೀಗರ ಹಾಗೆ. ಬೆಳ್ಯಾ ಎಡಗೋಲು, ಸಾರಂಗ ಬಲಗೋಲು. ಅವುಗಳ ಹಿಂದೆ ನಡೆದೂ ನಡೆದೂ ನಮಗೂ ಅದೇ ರೂಢಿಯಾಯಿತು. ಶಾಲೆಗೆ ಹೋಗುವಾಗ, ಹೊಲಕ್ಕೆ ಹೋಗುವಾಗ, ಕಾಲುವೆಯಲ್ಲಿ ಕಾಲು ಇಳಿಬಿಟ್ಟು ಕೂರುವಾಗ ನಾನು ಎಡಕ್ಕೆ, ಅವನು ಬಲಕ್ಕೆ.

ನಾನು ಆಗ ಬಹಳ ದುಡುಕಿನ ಹುಡುಗ. ಬಾಯಿಗಿಂತ ಮೊದಲು ಕೈ ಓಡುತ್ತಿತ್ತು. ಸಾರಂಗ ನಡಿಗೆಯಲ್ಲಿ ನಿಧಾನ, ಬೆಳ್ಯಾ ಚುರುಕು. ನಾನು ಬಾರಕೋಲು ಎತ್ತಿ ಸಾರಂಗನ ಬೆನ್ನಿಗೆ ಬಿಡಲು ಹೋದರೆ ದೋಸ್ತ ನನ್ನ ಕೈ ಹಿಡಿಯುತ್ತಿದ್ದ. "ನಿಧಾನ ಇದ್ದದ್ದನ್ನ ಹೊಡಿಬ್ಯಾಡಲೇ. ಓಡೂದನ್ನ ಹಿಡಿ. ಜೋಡಿ ತಾನ ಸರಿ ಹೋಗತೈತಿ" ಎನ್ನುತ್ತಿದ್ದ. ಅವನೂ ಸಾರಂಗನಂಥವನೇ. ಒಂದು ಪ್ರಶ್ನೆ ಕೇಳಿದರೆ ಉತ್ತರ ಬರುವಷ್ಟರಲ್ಲಿ ನಾನು ಇನ್ನೆರಡು ಕೇಳಿ ಮುಗಿಸಿರುತ್ತಿದ್ದೆ. ಅವನ ಜೊತೆ ಇದ್ದು ಇದ್ದು ನಾನು ಕಾಯಲು ಕಲಿತೆ. ನನ್ನ ಜೊತೆ ಇದ್ದು ಅವನು ಮಾಸ್ತರರ ಮುಂದೆ ಬಾಯಿ ತೆರೆಯಲು ಕಲಿತ. ಯಾರೂ ಯಾರಿಗೂ ಪಾಠ ಹೇಳಲಿಲ್ಲ. ಒಂದೇ ನೊಗದಲ್ಲಿ ನಡೆದರೆ ಒಬ್ಬರ ಹೆಜ್ಜೆ ಇನ್ನೊಬ್ಬರಿಗೆ ಬರುತ್ತದೆ, ಅಷ್ಟೇ.

ಇನ್ನೊಂದು ಲಾಭವೂ ಆಯಿತು. ಸಾರಂಗನನ್ನು ತಂದದ್ದು ಗಡಿಯಾಚೆಯ ಗಡಹಿಂಗ್ಲಜ ಕಡೆಯಿಂದ. ಅದಕ್ಕೆ ಕನ್ನಡ ತಿಳಿಯುತ್ತಿರಲಿಲ್ಲ. "ನಿಲ್ಲು" ಎಂದರೆ ಮುಂದೆ ಹೋಗುತ್ತಿತ್ತು, "ಥಾಂಬ" ಎಂದರೆ ಮಾತ್ರ ನಿಲ್ಲುತ್ತಿತ್ತು. ದೋಸ್ತನ ಮನೆಯಲ್ಲಿ ಎರಡೂ ಭಾಷೆ ಓಡಾಡುತ್ತಿದ್ದವು. ನಾನು ಮೊದಲು ಸಾರಂಗನಿಗಾಗಿ ಮರಾಠಿ ಕಲಿತೆ, ಆಮೇಲೆ ದೋಸ್ತನ ಅವ್ವನ ಕೈಯ ಶೇಂಗಾ ಉಂಡಿಗಾಗಿ. ಮುಂದೆ ನಾನು ಹಳೇ ಟ್ರ್ಯಾಕ್ಟರ್ ಮಾರಿಸುವ ದಂಧೆಗೆ ಇಳಿದಾಗ ಆ ಕಡೆಯ ಗಿರಾಕಿಗಳ ಜೊತೆ ಗಂಟೆಗಟ್ಟಲೆ ಕೂತು ಚೌಕಾಶಿ ಮಾಡಿದ್ದು ಆ ಮರಾಠಿಯಿಂದಲೇ. ಎದುರಿನವನು ಬಾಯಿ ಬಿಡುವವರೆಗೆ ಸುಮ್ಮನೆ ಕೂರುವ ವಿದ್ಯೆಯೂ ದೋಸ್ತನದೇ. ನಾನು ಸ್ವಂತ ಬಲದಿಂದ ಮೇಲೆ ಬಂದವನು ಎಂದು ಜನ ಹೇಳುತ್ತಾರೆ. ಹೇಳಲಿ. ಬಂಡವಾಳ ಎಲ್ಲಿಂದ ಬಂತು ಎನ್ನುವುದು ನನಗೆ ಗೊತ್ತು.

ಜೋಡಿ ಯಾರ ಹೊಲದಲ್ಲಿ ದುಡಿಯುತ್ತದೆಯೋ ಆ ದಿನದ ಬುತ್ತಿ ಆ ಮನೆಯದು. ನಮ್ಮ ಸರದಿಯ ದಿನ ಅವ್ವ ಜೋಳದ ರೊಟ್ಟಿಯ ನಡುವೆ ಉಳ್ಳಾಗಡ್ಡಿ ಹಾಕಿದ ಝುಣಕ ಇಡುತ್ತಿದ್ದಳು. ನೆಲದೊಳಗೆ ಬೆಳೆಯುವ ಈರುಳ್ಳಿಯನ್ನು ಜೈನರ ಹುಡುಗ ಮುಟ್ಟುವಂತಿರಲಿಲ್ಲ. ಅವನಿಗೆ ಬೇರೆಯಾಗಿ ಶೇಂಗಾ ಹಿಂಡಿ, ಗಟ್ಟಿ ಮೊಸರು. ಬನ್ನಿ ಗಿಡದ ನೆರಳಲ್ಲಿ ಬುತ್ತಿ ಬಿಚ್ಚಿದ ಕೂಡಲೇ ಝುಣಕದ ವಾಸನೆ ಏಳುತ್ತಿತ್ತು. ಅವನು ಕಣ್ಣು ಮುಚ್ಚಿ ಆ ವಾಸನೆಯನ್ನು ಎಳೆದುಕೊಂಡು, "ವಾಸನಿ ಉಳ್ಳಾಗಡ್ಡಿ ಲೆಕ್ಕಕ್ಕ ಬರೂದಿಲ್ಲ ಹೌದಲ್ಲೋ" ಎನ್ನುತ್ತಿದ್ದ. ನಾನು "ಬರತೈತಿ, ಕಾಕಾಗ ಹೇಳತೇನಿ ತಡಿ" ಎಂದು ಹೆದರಿಸುತ್ತಿದ್ದೆ. ಅವನು ಹೆದರುತ್ತಿರಲಿಲ್ಲ. ಮೊಸರಿನ ಕೆನೆಯನ್ನು ನನ್ನ ರೊಟ್ಟಿಯ ಮೇಲೆ ಸುರಿದು ನನ್ನ ಬಾಯಿ ಕಟ್ಟುತ್ತಿದ್ದ.

ಎರಡು ಮನೆಗೆ ಒಂದು ಜೋಡಿ ಎಂದ ಮೇಲೆ ಒಂದು ತೊಡಕು ಇದ್ದೇ ಇರುತ್ತದೆ. ಮಳೆ ಬಿದ್ದು ಮಣ್ಣು ಬಿತ್ತನೆಗೆ ಹದವಾಗುವುದು ಇಬ್ಬರ ಹೊಲದಲ್ಲೂ ಒಂದೇ ದಿನ. ಒಂದು ವರ್ಷ ಹಿಂಗಾರಿ ಬಿತ್ತನೆಯ ಹೊತ್ತಿನಲ್ಲಿ ಸರದಿ ಕಾಕಾನದು ಬಂತು. ನಮ್ಮ ಸರದಿ ಬರುವಷ್ಟರಲ್ಲಿ ಬಿಸಿಲು ಕಾದು ನಮ್ಮ ಕರಿ ಮಣ್ಣು ಹೆಂಟೆಯಾಗಿತ್ತು. ಜೋಳ ಅಲ್ಲಲ್ಲಿ ಎದ್ದಿತು, ಬೋಳು ತಲೆಯ ಕೂದಲಿನ ಹಾಗೆ. ಕಾಕಾನ ತಪ್ಪಲ್ಲ, ನಮ್ಮ ತಪ್ಪೂ ಅಲ್ಲ. ಆದರೆ ಅಪ್ಪನ ಮನಸ್ಸಿನಲ್ಲಿ ಅದು ಮುಳ್ಳಾಗಿ ಉಳಿಯಿತು. ಮುಂದಿನ ಬಿತ್ತನೆಗೆ ಸ್ವಂತದ ಜೋಡಿಯೇ ಬೇಕು ಎಂದು ಹಟ ಹಿಡಿದ.

ಆ ಬಿತ್ತನೆಯ ಹಿಂದಿನ ದಿನ ಮೂಡಲಗಿಯಲ್ಲಿ ದನದ ಸಂತೆ. ದನ ಕೊಳ್ಳಲು ಒಬ್ಬನೇ ಹೋಗುವ ಪದ್ಧತಿ ನಮ್ಮಲ್ಲಿಲ್ಲ, ಪರೀಕ್ಷೆ ಮಾಡಲು ಬಲ್ಲವನೊಬ್ಬ ಜೊತೆಗಿರಬೇಕು. ಕಲ್ಲೋಳಿಯಲ್ಲಿ ಎತ್ತಿನ ಬಗ್ಗೆ ಕಾಕಾನಷ್ಟು ತಿಳಿದವರು ಇರಲಿಲ್ಲ. ಅಪ್ಪ ಅವನನ್ನೇ ಕರೆದ. ತಮ್ಮ ಜೋಡಿ ಮುರಿಯುವ ಎತ್ತನ್ನು ತಾನೇ ಆರಿಸಿಕೊಡಲು ಕಾಕಾ ಹೊರಟು ನಿಂತ. ಮುಂದೆ ಅವರಿಬ್ಬರು, ಹಿಂದೆ ನಾವಿಬ್ಬರು. ಬೆಳಗಿನ ಇಬ್ಬನಿಗೆ ದಾರಿಯ ಧೂಳು ಕಾಲಿಗೆ ತಣ್ಣಗೆ ಹತ್ತುತ್ತಿತ್ತು. ಕಬ್ಬಿನ ಗರಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ದೋಸ್ತ ಕೇಳಿದ, "ಹೊಸಾದು ಬಂದ್ರ ನೀ ನಮ್ಮ ಹೊಲಕ್ಕ ಬರತೀಯೋ ಇಲ್ಲೋ?" ನಾನು "ಯಾಕ ಬರೂದಿಲ್ಲ" ಎಂದೆ. ಅವನು ತಲೆ ಅಲ್ಲಾಡಿಸಿದ. "ಎತ್ತ ಬರಲಾರದ ನೀ ಹೆಂಗ ಬರತಿ?" ಎಂದ.

ಮೂಡಲಗಿಯ ಸಂತೆ ದೂರದಿಂದಲೇ ಮೂಗಿಗೆ ಬಡಿಯಿತು. ಸಗಣಿ, ಹಸಿ ಮೇವು, ಕೊಂಬಿಗೆ ಸವರಿದ ಎಣ್ಣೆ, ಕರಿದ ಭಜಿ, ಎಲ್ಲ ಕಲಸಿದ ಒಂದು ವಾಸನೆ. ಸಾಲು ಸಾಲು ಗೂಟ, ಸಾಲು ಸಾಲು ಬೆನ್ನು. ಗೆಜ್ಜೆಗಳ ಸದ್ದಿನಲ್ಲಿ ಮನುಷ್ಯರು ಕೂಗಿಯೇ ಮಾತಾಡಬೇಕಿತ್ತು. ಆದರೆ ದರದ ಮಾತು ಮಾತ್ರ ಯಾರ ಬಾಯಿಂದಲೂ ಬರುತ್ತಿರಲಿಲ್ಲ. ದಲಾಲಿಯೂ ಗಿರಾಕಿಯೂ ಒಂದು ವಸ್ತ್ರದ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು ಒತ್ತಿ ವ್ಯವಹಾರ ಮುಗಿಸುತ್ತಿದ್ದರು. ಹೊರಗೆ ಕಾಣುವುದು ವಸ್ತ್ರದ ಅಲುಗಾಟ ಮತ್ತು ಎರಡು ಕಲ್ಲು ಮುಖಗಳು. ಮಕ್ಕಳೇ, ದನ ಕೊಳ್ಳುವ ಕಾಲ ನಿಮಗೆ ಬರಲಿಕ್ಕಿಲ್ಲ, ಆದರೂ ಕೇಳಿಕೊಳ್ಳಿ. ಏನನ್ನೇ ಕೊಳ್ಳುವಾಗ ಮಾರುವವನು ತೋರಿಸುವ ಜಾಗ ಬಿಟ್ಟು ಬೇರೆ ಜಾಗ ನೋಡಬೇಕು. ಎತ್ತಾದರೆ ಕೊಂಬು ಬಿಟ್ಟು ಗೊರಸು. ಟ್ರ್ಯಾಕ್ಟರಾದರೆ ಬಣ್ಣ ಬಿಟ್ಟು ಹೊಗೆ.

ಅಪ್ಪ ಕೊಂಬು ನೋಡಿದ. ಹಾಲಿನಂಥ ಬಿಳಿ ಎತ್ತು, ಎರಡು ಬಿಲ್ಲು ಬಗ್ಗಿಸಿಟ್ಟಂಥ ಕೊಂಬು. ನೋಡುತ್ತಲೇ ಅಪ್ಪನ ಕೈ ವಸ್ತ್ರದ ಕಡೆ ಹೋಯಿತು. ಕಾಕಾ ಮಾತ್ರ ಅವಸರ ಮಾಡದೆ ಹಲ್ಲು ನೋಡಿದ, ಗೊರಸು ಎತ್ತಿ ನೋಡಿದ. ಆಮೇಲೆ ಹಗ್ಗ ಹಿಡಿದು ನಾಲ್ಕು ಮಾರು ನಡೆಸಿದ. ತಾನು ಎತ್ತಿನ ಎಡಕ್ಕೆ ನಿಂತು ನಡೆಸಿದರೆ ಅದು ತಡವರಿಸಿ, ಅವನನ್ನು ಸುತ್ತಿ ಅವನ ಎಡಕ್ಕೇ ಬಂದು ನಿಲ್ಲುತ್ತಿತ್ತು. ಎರಡು ಸಲ ಹಾಗೇ ಆಯಿತು. ಕಾಕಾ ಅಪ್ಪನ ಹತ್ತಿರ ಬಂದು ಮೆಲ್ಲಗೆ, "ಎತ್ತ ಚಲೋ ಐತಿ. ಆದ್ರ ಎಡಗೋಲಿಂದ ಐತಿ. ನಿಮ್ಮ ಬೆಳ್ಯಾನೂ ಎಡಗೋಲ. ಇದು ಬ್ಯಾಡ, ಇನ್ನೊಂದ ಸಂತಿ ನೋಡೂಣು" ಎಂದ.

ದಲಾಲಿ ನಕ್ಕ. "ಏನ್ರಿ ಯಜಮಾನ್ರ, ಇದು ಎರಡೂ ಕಡೆ ನಡೀತೈತ್ರಿ. ಬೇಕಾದ್ರ ಮ್ಯಾಲ ಕುಂದ್ರಿಸಿಕೊಂಡೂ ಒಯ್ತೈತಿ" ಎಂದ. ಸುತ್ತ ನಿಂತವರೂ ನಕ್ಕರು. ಅಪ್ಪ ನನ್ನನ್ನು ಬದಿಗೆ ಕರೆದುಕೊಂಡ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ, ಬಹಳ ತಿಳಿದವನ ಒಂದು ನಗೆ ಇತ್ತು. "ನೋಡು ತಮ್ಮಾ, ಕಾಕಾಗ ಜೋಡಿ ಮುರಿಯೂದು ಬ್ಯಾಡಾಗೇತಿ. ನಾ ತಗೊಂಡ್ರ ಅವನ ಸಾರಂಗ ಒಂಟಿ ಆಗತೈತಿ. ಅದಕ ಹಂಗ ಅನ್ನಾಕತ್ತಾನ. ಯಾರ ಮಾತಿನಾಗ ಯಾರ ಫಾಯದೆ ಐತಿ ಅನ್ನೂದನ್ನ ಮೊದಲ ನೋಡಬೇಕು."

ಅಷ್ಟರಲ್ಲಿ ದೋಸ್ತ ನನ್ನ ಅಂಗಿ ಜಗ್ಗಿದ. "ಲೇ, ನಮ್ಮಪ್ಪ ಎತ್ತಿನ ಮಾತಿನಾಗ ಸುಳ್ಳ ಹೇಳೂದಿಲ್ಲ. ನೀನ ಹೇಳು" ಎಂದ. ನಾನು ಹೇಳಿದೆ. ಅಪ್ಪನ ಧೋತರ ಹಿಡಿದುಕೊಂಡೇ ಹೇಳಿದೆ, "ಅಪ್ಪಾ, ಕಾಕಾ ಖರೇನ ಹೇಳಾಕತ್ತಾನ, ನಾನೂ ನೋಡೇನಿ." ಅಪ್ಪ ನನ್ನ ತಲೆ ಸವರಿದ. "ನೀ ಹಂಗ ಅನ್ನಾವನ. ನಿನಗ ದೋಸ್ತ ಬೇಕಾಗ್ಯಾನ" ಎಂದು ತಿರುಗಿದ. ದಲಾಲಿಯ ವಸ್ತ್ರದೊಳಗೆ ಅವನ ಕೈ ಹೋಯಿತು. ವಸ್ತ್ರ ಅಲುಗಿತು, ನಿಂತಿತು, ಮತ್ತೆ ಅಲುಗಿತು. ನಾವಿಬ್ಬರೂ ಆ ವಸ್ತ್ರವನ್ನೇ ನೋಡುತ್ತ ನಿಂತೆವು. ದೋಸ್ತ ನನ್ನ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ನಮ್ಮ ಹಿಡಿತದಲ್ಲಿ ಯಾವ ದರವೂ ಇರಲಿಲ್ಲ. ದಲಾಲಿ ವಸ್ತ್ರ ಕೊಡವಿ ಹೆಗಲಿಗೆ ಹಾಕಿಕೊಂಡಾಗ ದೋಸ್ತ ಕೈ ಬಿಟ್ಟ.

ಅಪ್ಪನ ಜಾಗದಲ್ಲಿ ನಾನಿದ್ದರೂ ಹಾಗೆಯೇ ಯೋಚಿಸುತ್ತಿದ್ದೆನೋ ಏನೋ. ವ್ಯವಹಾರದ ಮೊದಲ ಪಾಠ ಅದೇ, ಹೇಳುವವನಿಗೆ ಏನು ಲಾಭ ಎಂದು ನೋಡುವುದು. ಆದರೆ ಎರಡನೆಯ ಪಾಠವೊಂದಿದೆ, ಅದು ಅಪ್ಪನಿಗೆ ಬರಲಿಲ್ಲ. ಲಾಭ ಇದ್ದವನೂ ಸತ್ಯ ಹೇಳಬಹುದು. ಅಂಥವನು ನಿಮ್ಮ ಪಕ್ಕದಲ್ಲೇ ಇದ್ದರೆ, ವರ್ಷಗಟ್ಟಲೆ ನಿಮ್ಮ ನೊಗಕ್ಕೆ ಹೆಗಲು ಕೊಟ್ಟವನಾಗಿದ್ದರೆ, ಅವನ ಮಾತನ್ನು ಸಂತೆಯ ತಕ್ಕಡಿಯಲ್ಲಿ ತೂಗಬಾರದು.

ಮರಳಿ ಬರುವಾಗ ಹೊಸ ಎತ್ತು ದಾರಿಯುದ್ದಕ್ಕೂ ಅಪ್ಪನನ್ನು ಬಲಕ್ಕೆ ತಳ್ಳುತ್ತ ಬಂತು. ಕಾಕಾ ಅದನ್ನು ನೋಡಿದ, ಮುಂದೆ ನಡೆದ. ಸಂಜೆ ಇನ್ನೂ ಬೆಳಕಿರುವಾಗಲೇ ಅವನು ನಮ್ಮ ದನದ ಕೊಟ್ಟಿಗೆಗೆ ಬಂದ. ಸರದಿ ನಮ್ಮದಿದ್ದದ್ದರಿಂದ ಆ ದಿನ ಸಾರಂಗನನ್ನು ಬೆಳ್ಯಾನ ಪಕ್ಕದಲ್ಲೇ ಕಟ್ಟಿತ್ತು. ಕೂಡಿಸುವಾಗ ಬೆಲ್ಲ ತಿನ್ನಿಸಿದ ಹಾಗೆ ಬಿಡಿಸುವಾಗಲೂ ತಿನ್ನಿಸಬೇಕು. ಅವ್ವ ಉಂಡೆ ಬೆಲ್ಲ ತಂದಳು, ಕಾಕಾ ತನ್ನ ಮನೆಯದನ್ನು ಮಡಿಸಿದ ವಸ್ತ್ರದಲ್ಲಿ ತಂದಿದ್ದ. ಎತ್ತುಗಳು ಎರಡೂ ಮನೆಯ ಬೆಲ್ಲ ನೆಕ್ಕಿ, ನಮ್ಮ ಅಂಗೈಯನ್ನೂ ನೆಕ್ಕಿದವು. ಆ ಒರಟು ನಾಲಿಗೆ ಇನ್ನೂ ನನ್ನ ಅಂಗೈಗೆ ನೆನಪಿದೆ. ದೋಸ್ತ ಸಾರಂಗನ ಹಗ್ಗ ಹಿಡಿದು ಹೊರಟ. ಓಣಿಯ ತಿರುವಿನಲ್ಲಿ ಸಾರಂಗ ನಿಂತು ಕೂಗಿತು. ಕೊಟ್ಟಿಗೆಯಿಂದ ಬೆಳ್ಯಾ ಉತ್ತರ ಕೊಟ್ಟಿತು. ದೋಸ್ತ ತಿರುಗಿ ನೋಡಲಿಲ್ಲ. ಹಗ್ಗ ಜಗ್ಗುತ್ತ "ಚಲ್" ಎಂದಷ್ಟೇ ಕೇಳಿಸಿತು.

ಮರುದಿನ ಹೊಲದಲ್ಲಿ ನಡೆದದ್ದನ್ನು ನೆನೆದರೆ ನಗುವೂ ಬರುತ್ತದೆ. ನೊಗ ಹಿಡಿದು ನಿಂತರೆ ಎರಡೂ ಎತ್ತುಗಳು ಎಡಕ್ಕೇ ಬಂದು ನಿಂತವು. ಬಲಕ್ಕೆ ಯಾರೂ ಇಲ್ಲ. ಬಡಿದು, ಬೈದು, ಹೇಗೋ ಹೂಡಿ ಕೂರಿಗೆ ಹೊಡೆದರೆ ಸಾಲು ಒಂದೂ ನೆಟ್ಟಗಾಗಲಿಲ್ಲ. ಬದುವಿನ ಮೇಲೆ ಹೋಗುತ್ತಿದ್ದವನೊಬ್ಬ ನಿಂತು, "ಏನ್ರಿ, ಬಿತ್ತಾಕತ್ತೀರೋ ಹಾವಿನ ಚಿತ್ರಾ ತಗ್ಯಾಕತ್ತೀರೋ?" ಎಂದು ಕೇಳಿದ. ಅಪ್ಪ ಮಧ್ಯಾಹ್ನದವರೆಗೆ ತಡೆದ. ಆಮೇಲೆ ನೊಗ ಇಳಿಸಿ, ಅವ್ವನ ಹತ್ತಿರ ಒಂದು ಉಂಡೆ ಬೆಲ್ಲ ಇಸಿದುಕೊಂಡು ಕಾಕಾನ ಮನೆಗೆ ಹೊರಟ. ನಾನು ಅವನಿಗಿಂತ ಮುಂದೆ ಓಡಿದೆ.

ಕಾಕಾನ ಗೂಟ ಖಾಲಿ ಇತ್ತು. ದೋಸ್ತನ ಅವ್ವ ಅಂಗಳ ಗುಡಿಸುತ್ತಿದ್ದಳು. ಬಿತ್ತನೆಯ ಹದ ಯಾರಿಗೂ ಕಾಯುವುದಿಲ್ಲ. ಹುಕ್ಕೇರಿ ಕಡೆಯ ಬೆಲ್ಲದ ಬಾಗೇವಾಡಿಯಲ್ಲಿ ಅವಳ ತಮ್ಮನಿದ್ದ, ಅವನದೂ ಒಂಟಿ ಎತ್ತು. ಕಾಕಾ ಬೆಳಗಿನ ಜಾವದಲ್ಲೇ ಸಾರಂಗನನ್ನು ಹೊಡೆದುಕೊಂಡು ಅಲ್ಲಿಗೆ ಹೋಗಿದ್ದ. "ಹುಡುಗನೂ ಸಂಗಾಟ ಹೋಗ್ಯಾನ್ರಿ. ಅವನ ಬಿಟ್ರ ಸಾರಂಗ ಹೆಜ್ಜಿ ಇಡವಲ್ದು" ಎಂದಳು. ಅಪ್ಪ ಬೆಲ್ಲದ ಉಂಡೆಯನ್ನು ಕಟ್ಟೆಯ ಮೇಲೆ ಇಟ್ಟು ತಿರುಗಿ ನಡೆದ. ಬಿತ್ತನೆಗೆಂದು ಹೋದವರು ಅಲ್ಲೇ ಉಳಿದರು. ಇಲ್ಲಿಯ ಹೊಲವನ್ನು ಪಾಲಿಗೆ ಕೊಟ್ಟು ಸುಗ್ಗಿಯ ಹೊತ್ತಿಗೆ ಮನೆಯವರೂ ಹೋದರು. ಬಿಳಿ ಎತ್ತನ್ನು ಅಪ್ಪ ಬೇರೆ ಸಂತೆಯಲ್ಲಿ ಮಾರಿ, ಬಲಗೋಲಿನದನ್ನು ತಂದ. ಅಂತೂ ನಮಗೆ ಸ್ವಂತ ಜೋಡಿಯಾಯಿತು. ಹೊಲದಲ್ಲಿ ನಾನು ಒಬ್ಬನೇ ಕೂತು ಝುಣಕ ತಿಂದೆ.

ಬೆಲ್ಲದ ಬಾಗೇವಾಡಿ ಏನು ಪರದೇಶವೇ? ಈಗ ಬೈಕ್ ಹತ್ತಿದರೆ ಚಹಾ ಆರುವಷ್ಟರಲ್ಲಿ ಹೋಗಬಹುದು. ಆಗ ನಮಗೆ ಅದು ದೂರವೇ. ಆಮೇಲೆ ದೂರ ಕಡಿಮೆಯಾಯಿತು, ಆದರೆ ನಮಗಿಬ್ಬರಿಗೂ ನಮ್ಮ ನಮ್ಮ ಕೆಲಸ ಹತ್ತಿಕೊಂಡವು. ಕೂದಲು ನೆರೆಯಲು ಶುರುವಾದ ಮೇಲೆ ಒಮ್ಮೆ ಯಮಕನಮರಡಿಯ ಹೆದ್ದಾರಿ ಬದಿಯಲ್ಲಿ ನಾನೊಂದು ಹಳೇ ಟ್ರ್ಯಾಕ್ಟರ್ ತೋರಿಸಲು ನಿಂತಿದ್ದೆ. ಗಿರಾಕಿ ಬಂದ. ಟೋಪಿ, ಬಿಳಿ ಅಂಗಿ, ನಿಧಾನದ ನಡಿಗೆ. ನಡಿಗೆಯಿಂದಲೇ ಗುರುತು ಹಿಡಿದೆ. ಅವನೂ ಹಿಡಿದ. "ಆರಾಮ ಅದೀರೇನ್ರಿ?" ಎಂದ.

ಆ "ರಿ" ನನ್ನ ಎದೆಗೆ ತಗುಲಿತು. ನನ್ನ ಬಾಯಿಂದಲೂ "ಆರಾಮ ಅದೇವ್ರಿ, ನೀವು?" ಎಂದೇ ಬಂತು. ಗಿರಾಕಿಗೆ ಹೇಳಬಾರದ ಮಾತನ್ನು ಆ ದಿನ ಹೇಳಿದೆ. "ಇಂಜಿನ್ ಸರಿ ಇಲ್ರಿ, ಇದು ನಿಮಗ ಬ್ಯಾಡ." ಬೇರೆ ಯಾರಾದರೂ ಆಗಿದ್ದರೆ, ಇವನು ಹೆಚ್ಚು ಕೊಡುವ ಗಿರಾಕಿಗಾಗಿ ಎತ್ತಿಡುತ್ತಿದ್ದಾನೆ ಎಂದುಕೊಳ್ಳುತ್ತಿದ್ದರು. ಅವನು ಮಾತ್ರ "ನೀವು ಅಂದ ಮ್ಯಾಲ ಮುಗೀತ್ರಿ" ಎಂದು ಟ್ರ್ಯಾಕ್ಟರಿಗೆ ಬೆನ್ನು ಮಾಡಿದ. ಚಹಾದಂಗಡಿಯವರೆಗೆ ಜೊತೆಗೆ ನಡೆದೆವು. ಹೊರಡುವಾಗ ಅವನು ನನ್ನ ಎಡಕ್ಕಿದ್ದ. ನಾಲ್ಕು ಹೆಜ್ಜೆ ಇಟ್ಟವನು ಗೊತ್ತಿಲ್ಲದ ಹಾಗೆ ಸುತ್ತಿ ನನ್ನ ಬಲಕ್ಕೆ ಬಂದ. ಕಾಲಿಗೆ ನೆನಪಿತ್ತು, ನಾಲಿಗೆಗೆ ಮರೆತಿತ್ತು. ಚಹಾ ಕುಡಿದೆವು, ಮಕ್ಕಳ ಸುದ್ದಿ ಹೇಳಿಕೊಂಡೆವು, ಬರ್ರಿ ಹೋಗ್ರಿ ಎಂದೆವು. ಕೆಲ ವರ್ಷಗಳ ಮೇಲೆ ಅವನು ತೀರಿಕೊಂಡ ಸುದ್ದಿ ಬಂತು. ನನ್ನ ಜೀವನದಲ್ಲಿ ಎಷ್ಟೋ ವ್ಯವಹಾರ ಮುರಿದಿವೆ, ಒಂದಕ್ಕೂ ನಾನು ಮರುಗಿದವನಲ್ಲ. ಆ ಸಂತೆಯ ದಿನ ಕುದುರಿದ್ದೊಂದನ್ನು ಮಾತ್ರ ಈಗಲೂ ಹಿಂದಕ್ಕೆ ಕೊಟ್ಟು ಬರೋಣ ಎನಿಸುತ್ತದೆ.

ಈಗ ಗೋಕಾಕದ ಈ ಮನೆಯಲ್ಲಿ ನಿಮಗೆ ಅರ್ಧ ಎನ್ನುವುದು ಯಾವುದೂ ಇಲ್ಲ. ಒಬ್ಬೊಬ್ಬರಿಗೆ ಒಂದೊಂದು ಮೇಜು, ಒಂದೊಂದು ಬ್ಯಾಟು, ಒಬ್ಬೊಬ್ಬರ ಕಿವಿಗೆ ಒಂದೊಂದು ಹಾಡು. ಹೊಲಕ್ಕೆ ಟ್ರ್ಯಾಕ್ಟರ್ ಒಂದೇ ಸಾಕು, ಅದಕ್ಕೆ ಎಡಗೋಲೂ ಇಲ್ಲ, ಬಲಗೋಲೂ ಇಲ್ಲ. ಅದು ಒಳ್ಳೆಯದೇ. ಯಾರ ಜೋಳವೂ ಹದ ತಪ್ಪಿ ಒಣಗುವುದಿಲ್ಲ. ಉಳಿದಿರುವ ಅರ್ಧ ಒಂದೇ, ಸೈಕಲ್. ಕಿರಿಯ ಮೊಮ್ಮಗ ಟ್ಯೂಶನ್ನಿಗೆ ಹೋಗುವುದು ಹಿಂದಿನ ಓಣಿಯ ಹುಡುಗನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು. ಏರಿ ಬಂದರೆ ಇಬ್ಬರೂ ಇಳಿದು ತಳ್ಳುತ್ತಾರೆ. ತನಗೂ ಒಂದು ಬೇಕು ಎಂದು ಅವನು ನನ್ನ ಬೆನ್ನು ಹತ್ತಿದ್ದಾನೆ. ನಾನು ಅಂಗಡಿಗೂ ಹೋಗಿದ್ದೆ, ದರವನ್ನೂ ಚೆನ್ನಾಗಿ ಕುದುರಿಸಿದ್ದೆ. ಆದರೆ ಬರಿಗೈಯಲ್ಲಿ ಬಂದೆ. ಮುತ್ಯಾ ಜುಗ್ಗ ಎಂದು ಮನೆಯಲ್ಲೆಲ್ಲ ಗುಸುಗುಸು ನಡೆದಿದೆ. ನಡೆಯಲಿ. ಸೈಕಲ್ ಕೊಡಿಸುತ್ತೇನಪ್ಪಾ, ಇಲ್ಲ ಎನ್ನುವುದಿಲ್ಲ. ಈ ಮಳೆಗಾಲವೊಂದು ದಾಟಲಿ.

ಇದನ್ನು ಬರೆಯುತ್ತಿರುವಾಗಲೇ ಗೇಟಿನ ಹತ್ತಿರ ಸೈಕಲ್ ಬೆಲ್ ಸದ್ದಾಯಿತು. ಮೊಮ್ಮಗ ಒಂದು ಕಾಲಿಗೆ ಚಪ್ಪಲಿ ಹಾಕಿ, ಇನ್ನೊಂದನ್ನು ಮಂಚದ ಕೆಳಗೆ ಹುಡುಕುತ್ತಿದ್ದ. ಹೊರಗಿನಿಂದ ಆ ಹುಡುಗ ಕೂಗಿದ, "ಲೇ, ಬಾರಲೇ, ತಡಾ ಆತು."

ತಿರುಗಿ ನೋಡಿದ್ದು ನಾನು.